ಚಿಕ್ಕಪ್ಪ ಜೋಪಾನ ಮಾಡಿದ ಬ್ಯಾಟರಿ

ನಮ್ಮ ಕಾರಿನ ಬ್ಯಾಟರಿ ಮೊದಲ ಸಲ ಕೈಕೊಟ್ಟದ್ದು ಕಮರ್ಷಿಯಲ್ ಸ್ಟ್ರೀಟಿನಲ್ಲಿ, ಹಬ್ಬಕ್ಕೆ ಮುಂಚಿನ ಶನಿವಾರ ಸಂಜೆ. ಅಮ್ಮನೂ ನಾನೂ ಸೀರೆಯ ಕವರುಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದೆವು. ಅಪ್ಪನ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಕೀ ತಿರುಗಿಸಿದ. ಬಾನೆಟ್ಟಿನೊಳಗೆ ಯಾರೋ ಲೊಚಗುಟ್ಟಿದ ಹಾಗೆ ‘ಟಕ್’ ಅಂತ ಒಂದು ಸದ್ದು ಬಂತು. ಅಷ್ಟೇ.

“ಏನಾಯ್ತೋ ಮಗಾ?” ಅಂದಳು ಅಮ್ಮ. ಅವಳು ಮದುವೆಯಾಗಿ ಬಂದಾಗ ಚಿಕ್ಕಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದನಂತೆ. ಅವಳ ಪಾಲಿಗೆ ಅವನು ಮೈದುನನಿಗಿಂತ ಹೆಚ್ಚಾಗಿ ಮಗನೇ.

ಕನ್ನಡಿಯಲ್ಲಿ ಅವನ ಮುಖ ಕಂಡು ನನಗೆ ದಿಗಿಲಾಯಿತು. ಗಾಡಿ ನಿಂತುಹೋದರೆ ಮನುಷ್ಯ ಬೈಯುತ್ತಾನೆ, ಇಳಿದು ಟೈರಿಗೆ ಒದೆಯುತ್ತಾನೆ. ಇವನು ಸಾವಿನ ಸುದ್ದಿ ಕೇಳಿದವನ ಹಾಗೆ ಸುಮ್ಮನೆ ಕೂತುಬಿಟ್ಟಿದ್ದ. ಹಿಂದೆ ಆಟೋಗಳು ಒಂದೇ ಸಮ ಹಾರನ್ ಹೊಡೆಯುತ್ತಿದ್ದವು. ಬಟ್ಟೆ ಅಂಗಡಿಯ ಮುಂದೆ ನಿಂತಿದ್ದ ವಯಸ್ಸಾದ ಮಾಲೀಕರೊಬ್ಬರು ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿದರು.

“ಅರೆ, ಬ್ಯಾಟರಿ ಹೋಗ್ಬಿಟ್ಟಿದೆ ಭಾಯ್. ಠೈರೋ, ನಮ್ದು ಗಾಡಿ ಇಲ್ಲೇ ಐತೆ, ವೈರ್ ಹಾಕಣ.”

ಅವರ ಕಾರನ್ನು ನಮ್ಮ ಕಾರಿನ ಮೂತಿಗೆ ಮೂತಿ ಕೊಟ್ಟು ನಿಲ್ಲಿಸಿ, ಕೆಂಪು ಕಪ್ಪು ವೈರುಗಳನ್ನು ಈ ಬ್ಯಾಟರಿಯಿಂದ ಆ ಬ್ಯಾಟರಿಗೆ ಕಚ್ಚಿಸಿದರು. ಇಂಜಿನ್ ಗುರ್ ಅಂದಿತು. “ಬಂದ್ ಮಾಡ್ಬೇಡಿ, ಸೀದಾ ಮನೇಗ್ ಹೋಗಿ. ನಾಳೆ ಶಿವಾಜಿನಗರಕ್ಕೆ ತಗೊಂಬನ್ನಿ, ಬ್ಯಾಟರಿ ಅಂಗಡಿ ಇಟ್ಟಿರೋ ದೋಸ್ತ್ ಒಬ್ರು ಅವ್ರೆ” ಅಂದರು.

ಕುಕ್ ಟೌನ್ ದಾಟಿದ ಮೇಲೆ ಚಿಕ್ಕಪ್ಪ, “ಅತ್ತಿಗೆ, ಅಣ್ಣಂಗೆ ಹೇಳ್ಬೇಡಿ” ಅಂದ.

“ಹೇಳ್ದೆ ಇದ್ರೆ ಆಗತ್ತೇನೋ? ಹೊಸ ಬ್ಯಾಟರಿ ಆಕಾಶದಿಂದ ಬೀಳತ್ತಾ?” ಅಂದಳು ಅಮ್ಮ.

ಅವನಿಗೇಕೆ ಅಷ್ಟು ಭಯ ಅಂತೀರಾ? ಹೇಳುತ್ತೇನೆ. ಹೊರಮಾವಿನ ನಮ್ಮ ಮನೆ ತಾತನ ಕಾಲದಲ್ಲಿ ರಾಗಿ, ಸೊಪ್ಪು, ಕನಕಾಂಬರ ಬೆಳೆದ ಮನೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಹೊಲಗಳಲ್ಲಿ ಸೈಟಿನ ಕಲ್ಲುಗಳು ನಿಂತಿದ್ದವು, ಹಸುಗಳಿಲ್ಲದೆ ಕೊಟ್ಟಿಗೆ ಬಣಗುಡುತ್ತಿತ್ತು. ಅಪ್ಪ ಸರ್ಕಾರಿ ಕಾರ್ಖಾನೆಯ ನೌಕರ. ಬೆಳಗಾಗುವುದರೊಳಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಸಂಜೆಗೆ ಇಳಿಯುತ್ತಿದ್ದ. ಚಿಕ್ಕಪ್ಪನಿಗೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸವಿತ್ತು. ಒಂದು ದಿನ ಎಂದಿನಂತೆ ಊಟದ ಡಬ್ಬಿ ಹಿಡಿದು ಹೋದರೆ ಬಾಗಿಲಿಗೆ ಬೀಗ. ಮಾಲೀಕ ಊರು ಬಿಟ್ಟಿದ್ದ. ಚಿಕ್ಕಪ್ಪ ಡಬ್ಬಿಯನ್ನು ಹಾಗೇ ವಾಪಸು ತಂದು ಅಡುಗೆಮನೆಯಲ್ಲಿಟ್ಟು, ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆಮೇಲೆ ತಿಂಗಳುಗಟ್ಟಲೆ ನಾವು ಕಂಡದ್ದು ಅವನ ಬೆನ್ನನ್ನು ಮಾತ್ರ. ಅಜ್ಜಿ ತಟ್ಟೆ ತಂದಿಟ್ಟರೆ ಉಣ್ಣುತ್ತಿದ್ದ, ಇಡದಿದ್ದರೆ ಇಲ್ಲ.

ಅಂಥ ಹೊತ್ತಿನಲ್ಲಿ ಅಪ್ಪ ಒಂದು ಸೆಕೆಂಡ್‌ಹ್ಯಾಂಡ್ ಕಾರು ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ. ಕೀಯನ್ನು ಚಿಕ್ಕಪ್ಪನ ಬೆನ್ನಿನ ಹಿಂದೆ ಚಾಪೆಯ ಮೇಲೆ ಹಾಕಿ, “ಯಾರಾದ್ರೂ ಓಡಿಸ್ಬೇಕಲ್ಲ” ಅಂದವನೇ ಹೊರಟುಹೋದ. ಆ ಬೆನ್ನು ನಿಧಾನಕ್ಕೆ ಈ ಕಡೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವತ್ತಿನಿಂದ ಚಿಕ್ಕಪ್ಪ ಬೇರೆಯೇ ಮನುಷ್ಯನಾದ. ಅಮ್ಮನನ್ನು ಕೆ.ಆರ್. ಪುರದ ಸಂತೆಗೆ, ಅಜ್ಜಿಯನ್ನು ಹಲಸೂರಿನ ಕಣ್ಣಿನ ಡಾಕ್ಟರ ಹತ್ತಿರ, ಮಳೆ ಬಂದ ದಿನ ನನ್ನನ್ನು ಕಾಲೇಜಿಗೆ, ಎಲ್ಲಿಗೆ ಕರೆದರೂ ಸಿದ್ಧ. ಕಾರಿನಲ್ಲೂ ಅವನ ಜೀವವೆಲ್ಲ ಬ್ಯಾಟರಿಯ ಮೇಲೆ.

“ಇಂಜಿನ್ನು ದುಡಿಯೋನು ಕಣೇ, ಬ್ಯಾಟರಿ ಎಬ್ಬಿಸೋನು. ಎಬ್ಬಿಸೋನೇ ಮಲಗಿಬಿಟ್ರೆ ದುಡಿಯೋನು ಇದ್ದೇನು?” ಅನ್ನುತ್ತಿದ್ದ.

ಕೀ ತಿರುಗಿಸುವ ಮುಂಚೆ ಲೈಟು, ಫ್ಯಾನು, ವೈಪರು, ಟೇಪು ಎಲ್ಲದರ ಮೇಲೂ ಕೈಯಾಡಿಸಿ ಆರಿವೆಯೇ ಎಂದು ನೋಡುತ್ತಿದ್ದ. ಕ್ಲಚ್ಚು ತುಳಿದುಕೊಂಡೇ ಸ್ಟಾರ್ಟ್ ಮಾಡುತ್ತಿದ್ದ. ಹತ್ತಲಿಲ್ಲವೋ, ಕೈ ತೆಗೆದು ಕಾಯುತ್ತಿದ್ದ. ಎಡೆಬಿಡದೆ ತಿರುಗಿಸಿದರೆ ಅದರ ಪ್ರಾಣ ಹೀರಿದ ಹಾಗಂತೆ. ಭಾನುವಾರ ಬಾನೆಟ್ ಎತ್ತಿ, ಬ್ಯಾಟರಿಯ ವೈರುಗಳನ್ನು ಬಿಚ್ಚಿ, ವೈರು ಸಿಕ್ಕಿಸುವ ಅದರ ಎರಡು ಕಂಬಿಗಳ ಮೇಲೆ ಬೂದಿಯ ಹಾಗೆ ಕಟ್ಟಿದ ಬಿಳಿ ಪುಡಿಗೆ ಬಿಸಿನೀರು ಹುಯ್ದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಒಣಬಟ್ಟೆಯಲ್ಲಿ ಒರೆಸಿ, ವೈರುಗಳನ್ನು ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನು ಸವರಿದರೆ ಅದಕ್ಕೆ ಅಭ್ಯಂಜನವಾದ ಹಾಗೆ. ಒಳಗಿನ ನೀರು ಇಳಿದಿದ್ದರೆ ಅಂಗಡಿಯ ಡಿಸ್ಟಿಲ್ಡ್ ವಾಟರೇ ಆಗಬೇಕು. ಅಮ್ಮ ಒಂದು ಸಲ ಚೊಂಬಿನಲ್ಲಿ ಬೋರ್‌ವೆಲ್ ನೀರು ತಂದಾಗ, “ಅತ್ತಿಗೆ, ಬೇಳೆ ಬೇಯಿಸೋಕೇ ಲಾಯಕ್ಕಿಲ್ಲದ ನೀರು, ಇದಕ್ಕೆ ಹಾಕೋಕ್ ಬಂದ್ರಾ?” ಅಂತ ಕೂಗಿಕೊಂಡಿದ್ದ.

ಮಧ್ಯಾಹ್ನ ಊಟವಾದ ಮೇಲೆ ಹೊಸಕೋಟೆಯ ಕಡೆ ಒಂದು ಉದ್ದನೆಯ ಸುತ್ತು. ಯಾಕೆ ಸುಮ್ಮನೆ ಪೆಟ್ರೋಲು ಸುಡೋದು ಎಂದು ಕೇಳಿದರೆ ಉತ್ತರ ತಯಾರಿತ್ತು: “ಗೇಟಿಂದ ಅಂಗಡಿವರೆಗೆ ಹೋಗ್ಬಂದ್ರೆ ಎಬ್ಬಿಸೋಕೆ ಖರ್ಚಾದ ಕರೆಂಟೂ ವಾಪಸ್ ಬರಲ್ಲ. ಉದ್ದಕ್ಕೆ ಓಡಿದ್ರೇನೇ ಅದರ ಹೊಟ್ಟೆ ತುಂಬೋದು.”

ಅವನ ಚಾಳಿ ಒಂದೇ. ಸಂಜೆ ಕೊಟ್ಟಿಗೆಯಲ್ಲಿ ನಿಂತ ಕಾರಿನೊಳಗೆ ಕೂತು ಟೇಪಿನಲ್ಲಿ ಎರಡು ಹಾಡು ಕೇಳುತ್ತಿದ್ದ. ಅದನ್ನು ಮನೆಯವರೆಲ್ಲ ನೋಡಿದ್ದರು. ಮುಳುವಾದದ್ದು ಅದೇ.

ಮರುದಿನ ಅಪ್ಪನೂ ಶಿವಾಜಿನಗರದ ಅಂಗಡಿಗೆ ಬಂದ. ಅಂಗಡಿಯವರು ಹಳೆಯ ಬ್ಯಾಟರಿಯನ್ನು ಪರೀಕ್ಷೆ ಮಾಡಿ, “ಇದು ದಿನಾ ಖಾಲಿ ಆಗಿ ಆಗಿ ಸತ್ತಿದೆ ಸಾರ್. ಗಾಡಿ ನಿಲ್ಸಿ ಲೈಟೋ ಟೇಪೋ ಹಾಕೋ ಅಭ್ಯಾಸ ಇದ್ಯಾ ಯಾರಿಗಾದ್ರೂ?” ಅಂದರು. ಅಪ್ಪ ನಿಧಾನಕ್ಕೆ ತಮ್ಮನ ಕಡೆ ತಿರುಗಿದ.

ಹೊಸ ಬ್ಯಾಟರಿ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಕೇಳಬೇಕೆ? “ಹಾಡ್ ಕೇಳೋಕೆ ಕಾರ್ ಬೇಕೇನೋ ನಿಂಗೆ? ಒಳಗ್ ರೇಡಿಯೋ ಇಲ್ವಾ?”

“ಎರಡು ಹಾಡಿಗೆ ಬ್ಯಾಟರಿ ಸಾಯಲ್ಲ ಅಣ್ಣ.”

“ಹಂಗಾರೆ ಏನು, ನಾನು ಸಾಯಿಸಿದ್ನಾ?”

ಚಿಕ್ಕಪ್ಪ ಸ್ಕ್ರೂ ಡ್ರೈವರ್ ಹಿಡಿದು ಟೇಪನ್ನೇ ಕಾರಿನಿಂದ ಕಿತ್ತು, ಬಟ್ಟೆಯಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟ. “ಬೀರುವಲ್ಲಿಟ್ಟು ಬೀಗ ಹಾಕಿ ಅತ್ತಿಗೆ.” ಸ್ಟೇರಿಂಗಿನ ಪಕ್ಕ ಹಲ್ಲು ಕಿತ್ತ ಬಾಯಿಯಂಥ ತೂತು ಉಳಿಯಿತು. ಅಪ್ಪನ ಸಿಟ್ಟು ಅಷ್ಟಕ್ಕೂ ಇಳಿಯಲಿಲ್ಲ. ಹೊಸಕೋಟೆಯ ಸುತ್ತು ಬಂದ್, ಅಗತ್ಯವಿದ್ದರೆ ಮಾತ್ರ ಕಾರು, ಓಡಿಸಿದಷ್ಟೂ ಬ್ಯಾಟರಿ ಸವೆಯುತ್ತದೆ ಎಂದು ಕಟ್ಟಪ್ಪಣೆ ಮಾಡಿದ.

“ಅಣ್ಣ, ಸವೆಯೋಕೆ ಬ್ಯಾಟರಿ ಏನು ಚಪ್ಪಲೀನಾ?” ಅಂದ ಚಿಕ್ಕಪ್ಪ.

“ಇನ್ನೊಂದ್ಸಲ ಹಿಂಗಾದ್ರೆ ಕೀ ನಿನ್ ಕೈಲಿರಲ್ಲ. ಕಾರೂ ಇರಲ್ಲ.”

ಅಪ್ಪ ಒಂದು ಮಾತು ಆಡಿದರೆ ಆಡಿದಂತೆಯೇ. ಅದು ನಮಗೆಲ್ಲ ಗೊತ್ತಿತ್ತು.

ಮಳೆಗಾಲ ಬಂತು. ಅಜ್ಜಿ ಹಲಸೂರಿನ ಡಾಕ್ಟರ ಹತ್ತಿರ ಹೋಗಬೇಕಿದ್ದ ದಿನ, ಎಂದಿನಂತೆ ರಾಹುಕಾಲದ ಲೆಕ್ಕ ಹಾಕಿ ಹೊತ್ತು ಗೊತ್ತುಮಾಡಿದ್ದಳು. ರಾಹುಕಾಲದ ವಿಷಯದಲ್ಲಿ ಅಜ್ಜಿ ಬಹಳ ಕಟ್ಟುನಿಟ್ಟು. ಯಾರಾದರೂ ಆ ಹೊತ್ತಿನಲ್ಲೇ ಹೊರಡಬೇಕಾಗಿ ಬಂದರೆ, ಅವರ ಬ್ಯಾಗನ್ನು ಮುಂಚೆಯೇ ಪಕ್ಕದ ಮನೆಯ ಜಗಲಿಯ ಮೇಲೆ ಇಡಿಸುತ್ತಿದ್ದಳು. ಬ್ಯಾಗು ಒಳ್ಳೆಯ ಗಳಿಗೆಯಲ್ಲಿ ಹೊಸಿಲು ದಾಟಿದರೆ ಪ್ರಯಾಣ ಶುರುವಾದ ಹಾಗೆ, ಆಮೇಲೆ ಮನುಷ್ಯ ಯಾವಾಗ ಹೊರಟರೂ ದೋಷವಿಲ್ಲ ಅನ್ನುವುದು ಅವಳ ಶಾಸ್ತ್ರ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅದೇನು ವಿಶೇಷವಲ್ಲ. ಅಪ್ಪನಿಗೆ ಮಾತ್ರ ಇದನ್ನು ಕಂಡರಾಗದು. ರಾಹು ಏನು ಟ್ರಾಫಿಕ್ ಪೋಲೀಸೇ ಎಂದು ಹಂಗಿಸುತ್ತಿದ್ದ.

ಅಜ್ಜಿ ಮುಂದಿನ ಸೀಟಿನಲ್ಲಿ ಕೂತಳು, ಚಿಕ್ಕಪ್ಪ ಸ್ವಿಚ್ಚುಗಳ ಮೇಲೆ ಕೈಯಾಡಿಸಿ ಕೀ ತಿರುಗಿಸಿದ.

ಟಕ್.

ಹೊಸ ಬ್ಯಾಟರಿ. ಟೇಪಿಲ್ಲ. ಕಳೆದ ಭಾನುವಾರ ತಾನೇ ಬಿಸಿನೀರು, ವ್ಯಾಸಲೀನು ಎಲ್ಲ ಆಗಿತ್ತು. ನಾನು ಆ ತೂತನ್ನೇ ಮಂಕಾಗಿ ನೋಡುತ್ತ ನಿಂತೆ. ಚಿಕ್ಕಪ್ಪ ಮತ್ತೊಮ್ಮೆ ಕೀ ತಿರುಗಿಸಲೂ ಇಲ್ಲ.

ಅವತ್ತು ರಜೆಯಲ್ಲಿದ್ದ ಅಪ್ಪ ಜಗಲಿಯಿಂದಿಳಿದು ಬಂದು ಕೈ ಚಾಚಿದ. “ಕೊಡು.” ಕೀ ಅವನ ಅಂಗಿಯ ಜೇಬಿಗೆ ಬಿತ್ತು. “ರಾಮಮೂರ್ತಿನಗರದಲ್ಲಿ ಒಬ್ರು ಸೆಕೆಂಡ್‌ಹ್ಯಾಂಡ್ ಕಾರ್ ಹುಡುಕ್ತಿದಾರೆ. ಭಾನುವಾರ ಬಂದ್ ನೋಡ್ಕೊಂಡ್ ಹೋಗ್ಲಿ.”

“ಏನ್ ಗ್ರಹಚಾರವೋ ಈ ಹುಡುಗಂದು. ಇಷ್ಟೆಲ್ಲಾ ಮಾಡಿದ್ರೂ!” ಎಂದು ಅಜ್ಜಿ ಹಣೆ ಚಚ್ಚಿಕೊಂಡಳು. ಅವಳು ಏನು ಮಾಡಿದ್ದಾಳೆಂದು ಕೇಳುವ ವ್ಯವಧಾನ ನಮಗಿರಲಿಲ್ಲ.

ಅಪ್ಪ ಬ್ಯಾಟರಿಯನ್ನು ಆಟೋದಲ್ಲಿ ಕಳಿಸಿ ಚಾರ್ಜ್ ಮಾಡಿಸಿದ, ಕೊಳ್ಳುವವರಿಗೆ ಸ್ಟಾರ್ಟ್ ಮಾಡಿ ತೋರಿಸಬೇಕಲ್ಲ. ಅದನ್ನು ಮತ್ತೆ ಕಾರಿಗೆ ಜೋಡಿಸಿದವನು ಚಿಕ್ಕಪ್ಪನೇ. ಮಾರಿಹೋಗುವ ಕಾರೆಂದು ಗೊತ್ತಿದ್ದೂ ಕಂಬಿಗಳನ್ನು ತಿಕ್ಕಿ, ವ್ಯಾಸಲೀನು ಸವರಿ, ಕೈ ತೊಳೆದುಕೊಂಡು ನಡುಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ. ಮತ್ತೆ ಅದೇ ಬೆನ್ನು. ಈ ಸಲ ಅದನ್ನು ಇತ್ತ ತಿರುಗಿಸಲು ಏನಿದೆ? ಅಜ್ಜಿ ದಿನವೂ ಬೆಳಗಿನ ಜಾವ ಅವನನ್ನು ಎಬ್ಬಿಸಿ, “ಹೋಗು, ಎಮ್ಮೆ ಹಾಲು ಕಣ್ಮುಂದೆ ಕರೆಸ್ಕೊಂಡ್ ಬಾ, ನೀರ್ ಬೆರೆಸ್ತಾರೆ” ಅಂತ ಊರಾಚೆಗೆ ಕಳಿಸುತ್ತಿದ್ದಳು. ಆ ಪದ್ಧತಿ ಕಾರು ಬಂದಾಗಿನಿಂದಲೂ ಇತ್ತು. ಈಗ ಅವನು ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಅದೊಂದಕ್ಕೆ ಮಾತ್ರ.

ಶುಕ್ರವಾರ. ಅಮ್ಮ ತವರಿಗೆ ಹೋಗಿದ್ದಳು, ಹಂಡೆಗೆ ಬೆಂಕಿ ಹಾಕುವ ಕೆಲಸ ನನ್ನ ಮೇಲೆ ಬಿದ್ದಿತ್ತು. ಬೆಳಕು ಹರಿಯುವ ಮುಂಚೆ ಸೌದೆ ತಬ್ಬಿಕೊಂಡು ಹಿತ್ತಿಲಿಗೆ ಬಂದೆ. ಎಲ್ಲೋ ಇಂಜಿನ್ ಸದ್ದು ಕೇಳಿಸಿತು. ಆ ಸದ್ದು ನನಗೆ ಹೊಸದಲ್ಲ, ದಿನವೂ ನಿದ್ದೆಗಣ್ಣಲ್ಲಿ ಕೇಳುತ್ತಿದ್ದೆ. ಪಕ್ಕದ ಮನೆಯವರ ತರಕಾರಿ ಟೆಂಪೋ ಅಂದುಕೊಂಡಿದ್ದೆ. ಆದರೆ ಇದು ನಮ್ಮ ಕೊಟ್ಟಿಗೆಯಿಂದ ಬರುತ್ತಿತ್ತು.

“ಆರ್ಸು ಆರ್ಸು! ಹೊಗೆ ಕುಡ್ದು ಸಾಯ್ಲೇನೋ?” ಅಜ್ಜಿಯ ದನಿ, ಹಿಂದೆಯೇ ಕೆಮ್ಮು.

ಇಂಜಿನ್ ನಿಂತಿತು. ಹೆಡ್‌ಲೈಟುಗಳು ಆರಲಿಲ್ಲ. ಎರಡು ಬೆಳಕಿನ ಕೋಲುಗಳು ಕೊಟ್ಟಿಗೆಯಿಂದ ಹೊರಟು ಒಗೆಯುವ ಕಲ್ಲಿನ ಮೇಲೆ ಬಿದ್ದಿದ್ದವು. ನಾನು ಬಗ್ಗಿ ನೋಡಿದೆ. ಡ್ರೈವರ್ ಸೀಟಿನಲ್ಲಿ ಖಾಕಿ ಯೂನಿಫಾರಮ್ಮು ತೊಟ್ಟು, ಚಪ್ಪಲಿ ಹೊರಗೆ ಬಿಟ್ಟು, ಭಕ್ತಿಯಿಂದ ಕೂತಿದ್ದವನು ನನ್ನ ಅಪ್ಪ. ಡ್ರೈವಿಂಗ್ ಬಾರದ ಅಪ್ಪ! ರಾಹುವನ್ನು ಹಂಗಿಸುತ್ತಿದ್ದ ಅಪ್ಪ! ಅಜ್ಜಿ ತಟ್ಟೆ ಹಿಡಿದು, ಬಾನೆಟ್ಟಿಗೆ ಅರಿಶಿನ ಕುಂಕುಮವಿಟ್ಟು, ವೈಪರಿಗೆ ಹೂ ಸಿಕ್ಕಿಸಿ, ನೋಯುವ ಮಂಡಿಯನ್ನು ಎಳೆದುಕೊಂಡು ಕಾರಿಗೆ ಪ್ರದಕ್ಷಿಣೆ ಬರುತ್ತಿದ್ದಳು. ಅವಳ ಸ್ತೋತ್ರಕ್ಕೂ ಅವಸರವಿಲ್ಲ, ಕಾಲಿಗೂ ಅವಸರವಿಲ್ಲ. ಅಷ್ಟು ಹೊತ್ತೂ ಲೈಟುಗಳು ಉರಿಯುತ್ತಿದ್ದವು. ಬಿಳಿಯ ಬೆಳಕು ನನ್ನ ಕಣ್ಣೆದುರೇ ಹಳದಿಗೆ ತಿರುಗುತ್ತಿತ್ತು.

ಸೌದೆ ಕೈಯಿಂದ ಜಾರಿತು. ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಚಿಕ್ಕಪ್ಪ. ಅವತ್ತು ಎಮ್ಮೆ ಒದ್ದು ಹಾಲು ಚೆಲ್ಲಿತ್ತಂತೆ, ಖಾಲಿ ಪಾತ್ರೆ ಹಿಡಿದು ಬೇಗ ಬಂದುಬಿಟ್ಟಿದ್ದ.

“ಅಣ್ಣ,” ಅಂದ, ಬಹಳ ಮೆಲ್ಲಗೆ. “ಮೊದ್ಲು ಆ ಲೈಟ್ ಆರ್ಸು.”

ಅಪ್ಪ ಬೆಚ್ಚಿಬಿದ್ದ. ಸ್ವಿಚ್ಚಿಗೆ ತಡಕಾಡಿದವನ ಕೈ ಯಾವುದಕ್ಕೋ ತಾಗಿ ವೈಪರು ಎದ್ದು ಹೂವನ್ನೆಲ್ಲ ಅಜ್ಜಿಯ ಮೇಲೆ ಎರಚಿತು. ಕೊನೆಗೂ ಲೈಟು ಆರಿತು.

“ಬರೀ ಅರಿಶಿನ ಕುಂಕುಮ ಅಂದ್ಕೊಂಡಿದ್ದೆ. ದಿನಾನೂ ಇದೇನಾ?” ಚಿಕ್ಕಪ್ಪ ಕೇಳಿದ.

ಅಜ್ಜಿ ತಲೆಯ ಮೇಲಿನ ಹೂ ತೆಗೆಯುತ್ತ, “ಕಾರ್ ಬಂದಾಗಿಂದ್ಲೂ ಕಣಪ್ಪ” ಅಂದಳು. “ಆ ವರ್ಕ್‌ಶಾಪಿಗೆ ಮೊದಲ್ನೇ ದಿನ ರಾಹುಕಾಲದಲ್ಲಿ ಹೊರಟೆ ನೀನು. ಬೇಡ ಅಂದ್ರೂ ಕೇಳ್ಲಿಲ್ಲ. ಏನಾಯ್ತು ನೋಡ್ದಲ್ಲ? ಈಗ ಈ ಕಾರ್ನ ಯಾವ್ ಗಳಿಗೇಲಿ ಎತ್ಕೊಂಡ್ ಹೋಗ್ತೀಯೋ ದೇವರಿಗೇ ಗೊತ್ತು. ಅದ್ಕೇ ಬೆಳಿಗ್ಗೇನೇ ಒಂದ್ಸಲ ಹೊರಟ ಹಂಗೆ ಮಾಡ್ಸಿಬಿಟ್ರೆ ಇಡೀ ದಿನ ನಿಂಗೆ ದೋಷ ತಟ್ಟಲ್ಲ ಅಂತ. ಕಾರ್ ಮನೇಲಿರೋ ತನಕ ನಿಲ್ಸೋದ್ ಬೇಡ ಅಂದೆ.”

“ಲೈಟ್ ಯಾಕಮ್ಮ?”

“ಕಣ್ಮುಚ್ಕೊಂಡಿರೋದಕ್ಕೆ ಯಾರಾದ್ರೂ ಮಂಗಳಾರತಿ ಮಾಡ್ತಾರೇನೋ?”

ಚಿಕ್ಕಪ್ಪ ಖಾಲಿ ಪಾತ್ರೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟ. “ನಂಗೊಂದ್ ಮಾತ್ ಹೇಳ್ಬೋದಿತ್ತಲ್ಲ.”

“ಹೇಳಿದ್ರೆ ನಗ್ತಿದ್ದೆ.”

ಅವನು ನಗಲಿಲ್ಲ. ಅಪ್ಪನ ಕಡೆ ತಿರುಗಿದ. “ಅಮ್ಮಂದು ಬಿಡು. ನಿಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ವಲ್ಲಣ್ಣ?”

“ಇಲ್ಲ” ಅಂದ ಅಪ್ಪ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದ. “ಆದ್ರೆ ನಿನ್ ವಿಷಯದಲ್ಲಿ ರಿಸ್ಕ್ ಯಾಕೆ ಅಂತ.” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ದಿನಾ ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಬ್ಯಾಟರಿಗೂ ಒಳ್ಳೇದು ಅನ್ಕೊಂಡಿದ್ದೆ ಕಣೋ.”

ಬ್ಯಾಟರಿ ಸತ್ತದ್ದಕ್ಕೆ, ಕಾರು ಮಾರುವ ಮಾತಿಗೆ ಆಗದ ಆಘಾತ ನನಗೆ ‘ನಿನ್ ವಿಷಯದಲ್ಲಿ ರಿಸ್ಕ್ ಯಾಕೆ’ ಅನ್ನುವ ಆ ಒಂದು ಮಾತಿಗೆ ಆಯಿತು. ಈ ಮನುಷ್ಯ ತಮ್ಮನ ಹೆಗಲ ಮೇಲೆ ಕೈಯಿಟ್ಟದ್ದನ್ನು ನಾನು ಕಂಡವಳಲ್ಲ. ದಿನವೂ ಬೆಳಗಿನ ಜಾವ ಎದ್ದು, ಯೂನಿಫಾರಮ್ಮು ತೊಟ್ಟು, ತನಗೆ ನಂಬಿಕೆಯಿಲ್ಲದ ಪೂಜೆಗೆ ಬರಿಗಾಲಿನಲ್ಲಿ ಕೂತಿದ್ದಾನೆ. ಅದೇ ಪೂಜೆಯಿಂದ ಸತ್ತ ಬ್ಯಾಟರಿಗಾಗಿ ಅದೇ ತಮ್ಮನನ್ನು ಬೈದಿದ್ದಾನೆ. ಅಮ್ಮನಿಗೂ ಈ ಪೂಜೆ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಪೂಜೆಗೂ ಬ್ಯಾಟರಿಗೂ ಸಂಬಂಧವಿದೆಯೆಂದು ಅವಳಿಗೂ ಹೊಳೆದಿರಲಿಲ್ಲ.

ಚಿಕ್ಕಪ್ಪ ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ರಸ್ತೆಯಿಂದ ಕಾರ್ಖಾನೆಯ ಬಸ್ಸಿನ ಹಾರನ್ ಕೇಳಿಸಿತು. ಅದು ದೂರ ಹೋಗುತ್ತಿರುವ ಹಾರನ್.

“ಬಸ್ ಹೋಯ್ತು” ಅಂದ ಅಪ್ಪ. ಕೀ ಕಿತ್ತು ತಮ್ಮನ ಕಡೆ ಚಾಚಿದ. “ಬಿಟ್ ಬರ್ತೀಯಾ?”

ಚಿಕ್ಕಪ್ಪ ಕೀ ತೆಗೆದುಕೊಂಡು ಕೂತ, ಸ್ವಿಚ್ಚುಗಳ ಮೇಲೆ ಕೈಯಾಡಿಸಿದ, ತಿರುಗಿಸಿದ. ಟಕ್. ಪಕ್ಕದಲ್ಲಿ ಕೂತಿದ್ದ ಅಪ್ಪನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

“ಇಳಿ ಅಣ್ಣ.”

“ಹಾಂ?”

“ಇಳಿದು ತಳ್ಳು.”

ಚಿಕ್ಕಪ್ಪ ಅಪ್ಪನಿಗೆ ಅಪ್ಪಣೆ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಇಳಿದ. ತೋಳು ಮಡಿಸಿ ಡಿಕ್ಕಿಗೆ ಎರಡೂ ಕೈ ಕೊಟ್ಟ. ನಾನು ಪಕ್ಕದಲ್ಲಿ. ಗೇಟು ದಾಟಿದರೆ ಕೆರೆಯ ಕಡೆಗೆ ಇಳಿಜಾರು. ತರಕಾರಿ ಟೆಂಪೋದವರು ಗಾಡಿ ನಿಲ್ಲಿಸಿ, “ಏನಣ್ಣೋ, ಹೊಲ ಹೋದ್ಮೇಲೆ ರೋಡ್ ಉಳ್ತಿದೀಯಾ?” ಅಂದರು. ಅಪ್ಪ ಏದುಸಿರು ಬಿಡುತ್ತ ತಳ್ಳಿದ.

ಕಾರು ಜಾರತೊಡಗಿತು. ಚಿಕ್ಕಪ್ಪ ಕ್ಲಚ್ಚು ಬಿಟ್ಟ. ಮೈಯೆಲ್ಲ ಕೊಡವಿ, ಒಂದು ಕೆಮ್ಮು ಕೆಮ್ಮಿ, ಇಂಜಿನ್ ಹತ್ತಿಕೊಂಡಿತು.

“ನಿಲ್ಸೋ!” ಅಪ್ಪ ಕೂಗಿದ.

“ನಿಲ್ಸಿದ್ರೆ ಆರೋಗತ್ತೆ! ಓಡ್ ಬಾ ಅಣ್ಣ!”

ಎಡಗಡೆಯ ಬಾಗಿಲು ತೆರೆದುಕೊಂಡೇ ಕಾರು ಇಳಿಜಾರಿನಲ್ಲಿ ಹೋಗುತ್ತಿತ್ತು. ಖಾಕಿ ತೊಟ್ಟ ನನ್ನ ಅಪ್ಪ, ಬರಿಗಾಲಿನಲ್ಲಿ, ಹೊಟ್ಟೆ ಕುಣಿಸುತ್ತ ಅದರ ಹಿಂದೆ ಓಡುತ್ತಿದ್ದ. ಹೇಗೋ ನುಗ್ಗಿ ಒಳಗೆ ಬಿದ್ದ. ಬಾಗಿಲು ಮುಚ್ಚಿಕೊಂಡಿತು. ನಾನು ಬಿಟ್ಟ ಬಾಯಿ ಮುಚ್ಚದೆ ನಡುರಸ್ತೆಯಲ್ಲಿ ನಿಂತಿದ್ದೆ.

ಭಾನುವಾರ ಮಧ್ಯಾಹ್ನ ರಾಮಮೂರ್ತಿನಗರದವರು ಕಾರು ನೋಡಲು ಬಂದರು. ಅಜ್ಜಿ ಅವರನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಕೊಟ್ಟಿಗೆ ಖಾಲಿಯಿರುವುದನ್ನು ನೋಡಿ, “ಕಾರ್ ಎಲ್ಲಮ್ಮ?” ಎಂದು ಕೇಳಿದರು.

“ನನ್ ಮಕ್ಕಳಿಬ್ರೂ ತಗೊಂಡ್ ಹೋಗವ್ರೆ.”

“ಮಾರೋ ವಿಷ್ಯ ಮಾತಾಡೋಣ ಅಂದಿದ್ರು...”

“ಮಾರೋದಾ?” ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ನನ್ ಚಿಕ್ಕ ಮಗ ಓಡ್ಸೋ ಕಾರಪ್ಪ ಅದು. ಮಜ್ಜಿಗೆ ಕುಡೀರಿ.”